ಅರವತ್ತನಾಲ್ಕು ಪುಟದ ಕಂತು: ವಿಜ್ಞಾನ ಕಾದಂಬರಿ ಬರೆದು ಮಾರಿದ ನನ್ನ ಅನುಭವ

ಕಂತುಗಳಲ್ಲಿ ತಂದ ಮೂರನೆಯ ಕಾದಂಬರಿಯ ಎಂಟನೆಯ ಕಂತನ್ನು ಅಂಚೆಗೆ ಹಾಕಿ ಬಂದ ಸಂಜೆ ಲೆಕ್ಕದ ಪುಸ್ತಕ ಬಿಡಿಸಿ ಕೂಡಿಸಿದಾಗ, ಎಲ್ಲ ಖರ್ಚು ಕಳೆದು ಒಂದು ಲಕ್ಷಕ್ಕಿಂತ ತುಸು ಹೆಚ್ಚು ಹಣ ಉಳಿದಿತ್ತು. ಕನ್ನಡದಲ್ಲಿ ಬರೆಯುವವರಿಗೆ ಈ ಮಾತಿನ ತೂಕ ಗೊತ್ತಿರುತ್ತದೆ. ವಿಜ್ಞಾನ ಕಾದಂಬರಿ, ಅದೂ ಹೆಂಗಸು ಬರೆದದ್ದು, ಅದೂ ಸಣ್ಣ ಸಣ್ಣ ಕಂತುಗಳಲ್ಲಿ ಅಚ್ಚಾಗಿ ಅಂಚೆಯಲ್ಲಿ ಮನೆಗೆ ಬರುವಂಥದ್ದು ಎಂದಾಗ ನಕ್ಕವರಲ್ಲಿ ನನ್ನ ಭಾವನವರಿದ್ದರು, ಅಚ್ಚುಕೂಟದ ಯಜಮಾನರಿದ್ದರು, ನನಗಿಂತ ಹಿರಿಯ ಲೇಖಕಿಯರೂ ಇದ್ದರು. ಈ ದಾರಿಯಲ್ಲಿ ಹೊರಟವರು ಯಾರಾದರೂ ಇದ್ದರೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಕರಡು ತಿದ್ದುವುದು, ಫಾರಂ (ಹದಿನಾರು ಪುಟ ಹಿಡಿಯುವ ಅಚ್ಚಿನ ಹಾಳೆ) ಲೆಕ್ಕ, ಐಎಸ್‌ಬಿಎನ್ ಪಡೆಯುವುದು ಇವೆಲ್ಲ ನಿಮಗೆ ತಿಳಿದೇ ಇರುವುದರಿಂದ ಅವನ್ನು ಬಿಟ್ಟಿದ್ದೇನೆ. ಅಂಕಿಗಳು ಬಹುಮಟ್ಟಿಗೆ ನೆನಪಿನಿಂದ ಬಂದವು, ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗಬಹುದು.

ಮೊದಲು ಸೋಲುಗಳನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಕಾದಂಬರಿ 2009ರಲ್ಲಿ ಬಂತು. ಪ್ರಕಾಶಕರು ಕಾಗದದ ಖರ್ಚಿಗೆಂದು ನನ್ನಿಂದ ನಲವತ್ತು ಸಾವಿರ ತೆಗೆದುಕೊಂಡರು, ಸಾವಿರ ಪ್ರತಿ ಅಚ್ಚು ಹಾಕಿಸಿದ್ದೇವೆ ಎಂದರು, ಶೇಕಡಾ ಹತ್ತರ ಗೌರವಧನದ ಮಾತಾಡಿದರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾಗಲಿಲ್ಲ. ಎರಡು ವರ್ಷದ ಮೇಲೆ ಗೋದಾಮು ಖಾಲಿ ಮಾಡಬೇಕಾಗಿದೆ ಎಂದು ಆರುನೂರು ಚಿಲ್ಲರೆ ಪ್ರತಿಗಳನ್ನು ಲಾರಿ ಆಫೀಸಿಗೆ ಹಾಕಿ ಕಳುಹಿಸಿದರು, ಬಾಡಿಗೆಯನ್ನೂ ನಾನೇ ಕೊಟ್ಟು ಬಿಡಿಸಿಕೊಂಡೆ. ಮಲೆನಾಡಿನ ಅಟ್ಟದಲ್ಲಿ ಪುಸ್ತಕ ಎಷ್ಟು ದಿನ ಬಾಳುತ್ತದೆ ಎಂಬುದು ಸಾಗರ, ಹೊಸನಗರ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮೂರನೆಯ ಮಳೆಗಾಲದ ಹೊತ್ತಿಗೆ ಕೆಳಗಿನ ಎರಡು ಸಾಲು ಕಟ್ಟುಗಳು ಗೆದ್ದಲ ಪಾಲಾಗಿ, ಉಳಿದವು ಬಚ್ಚಲ ಒಲೆಗೆ ಹೋದವು.

ಎರಡನೆಯ ಕಾದಂಬರಿಯನ್ನು ಧಾರಾವಾಹಿಯಾಗಿಸಬೇಕೆಂದು ವಾರಪತ್ರಿಕೆಯೊಂದಕ್ಕೆ ಕಳುಹಿಸಿದೆ. ಹನ್ನೊಂದು ತಿಂಗಳ ನಂತರ, ಧಾರಾವಾಹಿಯನ್ನು ಓದುವವರು ಹೆಂಗಸರು, ಅವರಿಗೆ ಇದು ಹಿಡಿಸುವುದಿಲ್ಲ ಎಂಬ ಉತ್ತರ ಬಂತು. ಈ ಒಂದು ವಾಕ್ಯ ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ವಿಜ್ಞಾನ ಕಥೆಗಾರ ರಾಜಶೇಖರ ಭೂಸನೂರಮಠರ ಕಾಲದಿಂದಲೂ ಕನ್ನಡದಲ್ಲಿ ವಿಜ್ಞಾನ ಕಥೆಗೆ ಓದುಗರಿದ್ದಾರೆ, ಆದರೆ ನನ್ನ ಅಮ್ಮ, ಅತ್ತಿಗೆ, ಪಕ್ಕದ ಮನೆಯ ಅಕ್ಕ ಅವರಲ್ಲಿ ಇರಲಿಲ್ಲ. ಇವರೆಲ್ಲ ಧಾರಾವಾಹಿ ಕತ್ತರಿಸಿ, ಸೂಜಿದಾರದಿಂದ ಹೊಲಿದು, ರಟ್ಟು ಹಾಕಿ ಇಟ್ಟುಕೊಂಡವರು. ಓದುವ ಹಸಿವಿನಲ್ಲಿ ಇವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಹಾಗಾದರೆ ತಪ್ಪು ಎಲ್ಲಿದೆ ಎಂದು ತಿಳಿಯಲು ನನ್ನ ಹಸ್ತಪ್ರತಿಯನ್ನು ಅತ್ತಿಗೆಗೇ ಓದಿ ಹೇಳಿದೆ. ಎರಡನೆಯ ಪುಟದಲ್ಲಿ 'ಗುರುತ್ವಾಕರ್ಷಣ ಪ್ರತಿರೋಧಕ ಯಂತ್ರ' ಎಂಬ ಮಾತು ಬಂದ ಕೂಡಲೇ ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಇದೆಂತದೇ ಮಾರಾಯ್ತಿ, ಶ್ರಾದ್ಧದ ಮಂತ್ರ ಇದ್ದ ಹಾಗೆ ಉಂಟಲ್ಲ" ಎಂದರು.

ಅಲ್ಲಿಂದ ಒಂದೂವರೆ ವರ್ಷ ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ನನ್ನ ಕಥೆ ನಡೆಯುವುದು ಶರಾವತಿಯ ಹಿನ್ನೀರಿನ ತಳದಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಊರುಗಳು ಮುಳುಗಿದ್ದು, ಅದಕ್ಕೂ ಹಿಂದಿನ ಮಡೇನೂರು ಅಣೆಕಟ್ಟು ತಾನೂ ಮುಳುಗಿ ಈಗಲೂ ನೀರು ಇಳಿದ ಬೇಸಿಗೆಗಳಲ್ಲಿ ಎದ್ದು ಕಾಣುವುದು, ಇವನ್ನು ನೋಡುತ್ತ, ಕೇಳುತ್ತ ಬೆಳೆದವಳು ನಾನು. ಮುಳುಗಿದ ಊರಿನವರು ಊರು ಬಿಡದೆ ನೀರಿನಡಿಯಲ್ಲೇ ಬದುಕುವುದನ್ನು ಕಲಿತಿದ್ದರೆ, ಇನ್ನೂರು ವರ್ಷದ ನಂತರ ಅವರು ಹೇಗಿರುತ್ತಾರೆ ಎಂಬುದು ನನ್ನ ಕಥೆಯ ಬೀಜ. ಇಂಥ ಕಥೆಯಲ್ಲಿ ನೀರಿಗಿಳಿಯುವ ಉಡುಪು ಬರುತ್ತದೆ, ನೀರು ಒಳನುಗ್ಗದಂತೆ ಎರಡು ಬಾಗಿಲುಗಳ ನಡುವೆ ನಿಂತು ಒಣಗಿ ಒಳಗೆ ಹೋಗುವ ಕೋಣೆ ಬರುತ್ತದೆ. ಮೊದಲ ಕರಡಿನಲ್ಲಿ ಇವಕ್ಕೆ ಒಂದೊಂದು ಮೊಳ ಉದ್ದದ ಸಂಸ್ಕೃತ ಹೆಸರುಗಳಿದ್ದವು, ಪ್ರತಿ ಹೆಸರಿಗೂ ಅರ್ಧ ಪುಟದ ವಿವರಣೆಯಿತ್ತು. ಒಂದು ಆಷಾಢದ ಸಂಜೆ ನಮ್ಮ ಮನೆಯ ಆಳು ತೋಟದಿಂದ ಬಂದು, ಮಳೆಗೆ ಹೊದೆಯುವ ಕಂಬಳಿಕೊಪ್ಪೆಯನ್ನು ತೆಗೆದು ಕೊಡವಿ, ಜಗಲಿಯ ಗೂಟಕ್ಕೆ ಸಿಕ್ಕಿಸಿ, ಕಾಲು ಒರೆಸಿಕೊಂಡು ಒಳಗೆ ಬಂದದ್ದನ್ನು ನೋಡುತ್ತ ಕೂತಿದ್ದಾಗ, ನಾನು ವಿವರಿಸಲು ಹೆಣಗುತ್ತಿದ್ದ ಯಂತ್ರವೆಲ್ಲ ನಮ್ಮ ಮನೆಯಲ್ಲಿ ಇನ್ನೂರು ವರ್ಷದಿಂದ ಇದೆ ಎಂದು ಹೊಳೆಯಿತು. ಉಡುಪು ಕೊಪ್ಪೆಯಾಯಿತು, ಎರಡು ಬಾಗಿಲ ಕೋಣೆ ಜಗಲಿಯಾಯಿತು. "ಅವಳು ಜಗಲಿಯಲ್ಲಿ ಕೊಪ್ಪೆ ತೂಗುಹಾಕಿ, ಹೊರಬಾಗಿಲಿನಾಚೆ ನೀರು ತಟ್ಟುವುದನ್ನು ಕೇಳುತ್ತ ಒಳಬಾಗಿಲು ತೆರೆಯುವುದಕ್ಕೆ ಕಾದಳು" ಎಂದು ಬರೆದೆ. ಒಂದು ಶಬ್ದದ ವಿವರಣೆಯೂ ಬೇಕಾಗಲಿಲ್ಲ. ಗುರುತ್ವಾಕರ್ಷಣದ ಯಂತ್ರ 'ಹಗುರುಗಲ್ಲು' ಆಯಿತು.

ಇದು ನನ್ನ ಜಾಣತನ ಎಂದು ಹಿಗ್ಗುತ್ತಿದ್ದೆ. ಮೊದಲ ಕಂತು ಹೊರಬಂದ ವಾರವೇ ಹೊಸನಗರದ ಕಡೆಯ ಹಿರಿಯ ಓದುಗರೊಬ್ಬರು ಕಾರ್ಡು ಬರೆದು, "ಕೊಪ್ಪೆ ಗಂಡಾಳಿನದು, ನಟ್ಟಿಗೆ ಇಳಿಯುವ ಹೆಣ್ಣಾಳಿನದು ಗೊರಬು, ನಿಮ್ಮ ಕಥಾನಾಯಕಿ ಗಂಡಸರ ಕೊಪ್ಪೆ ಯಾಕೆ ಹೊತ್ತಿದ್ದಾಳೆ" ಎಂದು ಕೇಳಿದರು. ಉತ್ತರ ಕೊಡಲಾಗದೆ ಮೂರನೆಯ ಕಂತಿನಲ್ಲಿ ಒಂದು ಅಧ್ಯಾಯವನ್ನೇ ಬದಲಿಸಿದೆ. ಗಟ್ಟಿ ಬೆನ್ನಿನ, ಬಗ್ಗಿ ಕೆಲಸ ಮಾಡಲು ಅನುಕೂಲವಾದ ಗೊರಬನ್ನು ಆ ಊರಿನ ಹೆಂಗಸರು ತಾವೇ ಹೆಣೆದುಕೊಂಡರು, ಗಂಡಸರ ಕೊಪ್ಪೆ ಆಳದ ಒತ್ತಡಕ್ಕೆ ಹಿಂಡಿಹೋಗುತ್ತಿತ್ತು ಎಂದಾಯಿತು. ಕಥೆಯ ಮುಂದಿನ ಅರ್ಧ ಆ ಒಂದು ಕಾರ್ಡಿನ ಮೇಲೆ ನಿಂತಿದೆ. ಇಡೀ ಕಾದಂಬರಿಯನ್ನು ಒಮ್ಮೆಗೇ ಅಚ್ಚು ಹಾಕಿಸಿದ್ದರೆ ಆ ಕಾರ್ಡು ಬಂದೂ ಪ್ರಯೋಜನವಿರುತ್ತಿರಲಿಲ್ಲ.

ಕಂತಿನ ಯೋಚನೆ ಬಂದದ್ದು ಹಣವಿಲ್ಲದ್ದರಿಂದ. ಐನೂರು ಪುಟದ ಕಾದಂಬರಿಗೆ ಒಟ್ಟಿಗೆ ಹಾಕುವಷ್ಟು ಬಂಡವಾಳ ನನ್ನಲ್ಲಿರಲಿಲ್ಲ, ನಾಲ್ಕು ಫಾರಮ್ಮಿನಷ್ಟಿತ್ತು. ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ 1/8ರಲ್ಲಿ ನಾಲ್ಕು ಫಾರಂ ಎಂದರೆ ಅರವತ್ತನಾಲ್ಕು ಪುಟ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ, ತೆಳು ರಟ್ಟಿನ ಹೊದಿಕೆ ಸೇರಿ ತೂಕ ಎಂಬತ್ತೈದು ಗ್ರಾಂ ಆಸುಪಾಸು. ಎಂಟು ಕಂತಿಗೆ ಮುಂಗಡ ಐನೂರು ರೂಪಾಯಿ ಎಂದು 2017ರಲ್ಲಿ ಒಂದು ಹಾಳೆಯ ಕರಪತ್ರ ಮಾಡಿದೆ. "ಮುಂಗಡ ಕೊಟ್ಟು ಕಥೆ ಓದುವವರು ಯಾರಿದ್ದಾರೆ ತಂಗೀ, ಜನ ಚೀಟಿ ಹಣವನ್ನೇ ಸರಿಯಾಗಿ ಕಟ್ಟುವುದಿಲ್ಲ" ಎಂದು ಭಾವನವರು ಹೇಳಿದರು. ನಾನು ನಂಜನಗೂಡು ತಿರುಮಲಾಂಬ ಅವರ ಉದಾಹರಣೆ ಕೊಟ್ಟೆ. ಬಾಲ್ಯದಲ್ಲೇ ವಿಧವೆಯಾದ ಆ ತಾಯಿ 1913ರಲ್ಲೇ ಸತೀಹಿತೈಷಿಣಿ ಗ್ರಂಥಮಾಲೆ ಕಟ್ಟಿ, ತಾವೇ ಬರೆದು ತಾವೇ ಪ್ರಕಟಿಸಿ, ಮುಂದೆ ಪತ್ರಿಕೆಯನ್ನೂ ನಡೆಸಿದರು. ಕಾದಂಬರಿಕಾರ ಗಳಗನಾಥರಂಥವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಭಾವನವರು, "ಆಗ ಟೀವಿ ಇರಲಿಲ್ಲ" ಎಂದು ಮಾತು ಮುಗಿಸಿದರು.

ನೂರಮೂವತ್ತೇಳು ಜನ ಹಣ ಕಟ್ಟಿದರು. ಮೊದಲ ಐವತ್ತು ವಿಳಾಸಗಳನ್ನು ನಾನು ಎಲ್ಲಿಂದ ಸಂಪಾದಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕದ್ದದ್ದಲ್ಲ, ಕೊಂಡದ್ದೂ ಅಲ್ಲ, ಹೆಂಗಸರು ಸೇರುವ ಒಂದು ಜಾಗದಿಂದ ಬಂದದ್ದು ಎಂಬಷ್ಟು ಹೇಳಬಲ್ಲೆ. ಬಂದ ಹಣ ಅರವತ್ತೆಂಟು ಸಾವಿರದ ಐನೂರು. ಮುನ್ನೂರಕ್ಕಿಂತ ಕಡಿಮೆ ಪ್ರತಿಗೆ ಆಫ್‌ಸೆಟ್ ಮಾಡುವುದಿಲ್ಲ ಎಂದು ಅಚ್ಚುಕೂಟದವರು ಹೇಳಿದ್ದರಿಂದ ಮುನ್ನೂರು ಹಾಕಿಸಿದೆ. ಕಂತಿಗೆ ಪ್ರತಿಯೊಂದಕ್ಕೆ ಇಪ್ಪತ್ತೊಂದು ರೂಪಾಯಿ ಬಿತ್ತು, ಎಂಟು ಕಂತಿಗೆ ಐವತ್ತು ಸಾವಿರದ ಮೇಲಾಯಿತು. ಅಂಚೆಗೆ ಹತ್ತು ಸಾವಿರದ ಹತ್ತಿರ, ಮುಖಪುಟದ ಚಿತ್ರಗಳಿಗೆ ಎಂಟು ಸಾವಿರ ಹೋಯಿತು. ಕೊನೆಯಲ್ಲಿ ಉಳಿದದ್ದು ಇನ್ನೂರು ರೂಪಾಯಿ, ಮತ್ತು ಒಂದೊಂದು ಕಂತಿನ ನೂರರವತ್ತಕ್ಕೂ ಹೆಚ್ಚು ಪ್ರತಿಗಳು. ಲಾಭವಿರುವುದು ಈ ಉಳಿದ ಪ್ರತಿಗಳಲ್ಲೇ ಎಂದು ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ: ಎಂಟು ಕಂತಿಗೂ ಪುಟಸಂಖ್ಯೆಯನ್ನು 1ರಿಂದ 512ರವರೆಗೆ ಒಂದೇ ಸಮ ಕೊಟ್ಟು, ಉಳಿದವನ್ನು ಹೊದಿಕೆ ಕಿತ್ತು ಒಟ್ಟಿಗೆ ಕಟ್ಟಿಸಿದರೆ ಇಡೀ ಕಾದಂಬರಿಯೇ ಸಿದ್ಧವಾಗುತ್ತದೆ, ಹೊಸ ಅಚ್ಚಿನ ಖರ್ಚಿಲ್ಲ.

ಲೆಕ್ಕ ಸರಿಯಿತ್ತು, ಬೈಂಡಿಂಗ್ ಕೈಕೊಟ್ಟಿತು. ಕಂತುಗಳಿಗೆ ನಡುವೆ ಪಿನ್ ಹೊಡೆಸಿದ್ದರಿಂದ ನಾಲ್ಕು ಫಾರಮ್ಮುಗಳು ಒಂದರ ಹೊಟ್ಟೆಯಲ್ಲಿ ಒಂದು ಕೂತು, ಪ್ರತಿ ಕಂತೂ ಮೂವತ್ತೆರಡು ಹಾಳೆಯ ದಪ್ಪ ಮಡಿಕೆಯಾಗಿತ್ತು. ಬೈಂಡರ್ ಬೆನ್ನು ಕೆರೆದು ಗೋಂದು ಹಾಕಿದಾಗ ಹೊರಗಿನ ಹಾಳೆಗಳು ಹಿಡಿದುಕೊಂಡವು. ಒಳಗಿನ ಹಾಳೆಗಳ ಮಡಿಕೆ ಹಿಂದೆ ಸರಿದಿದ್ದರಿಂದ ಅವಕ್ಕೆ ಗೋಂದು ತಾಗಲೇ ಇಲ್ಲ. ನೂರಹತ್ತು ಪ್ರತಿ ಕಟ್ಟಿಸಿ ಮಾರಿದೆ, ತಿಂಗಳೊಳಗೆ ಅರ್ಧದಷ್ಟು ವಾಪಸು ಬಂದವು. ಪ್ರತಿ ಅರವತ್ತನಾಲ್ಕು ಪುಟಕ್ಕೊಮ್ಮೆ ನಡುವಿನ ಪುಟಗಳು ಮಡಿಲಿಗೆ ಉದುರುತ್ತಿದ್ದವು. ಓದುಗರೊಬ್ಬರು ಉದುರಿದ ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಪ್ರತ್ಯೇಕವಾಗಿ ಕಳುಹಿಸಿ, "ಇವು ನಿಮ್ಮ ಊರಿನವರಂತೆ ಮುಳುಗದೆ ತೇಲುತ್ತಿವೆ" ಎಂದು ಬರೆದಿದ್ದರು. ಹಣ ಹಿಂದಿರುಗಿಸಿದೆ, ಅಥವಾ ಮುಂದಿನ ಸುತ್ತಿಗೆ, ಎಂದರೆ ಮುಂದಿನ ಕಾದಂಬರಿಯ ಕಂತುಗಳಿಗೆ, ಜಮಾ ಮಾಡಿಕೊಂಡೆ. ಒಟ್ಟು ಇಪ್ಪತ್ತೆರಡು ಸಾವಿರದಷ್ಟು ಏಟು.

ಪರಿಹಾರ ಸರಳವಾದದ್ದು, ಆದರೆ ಅಚ್ಚುಕೂಟದವರು ತಾವಾಗಿ ಹೇಳುವುದಿಲ್ಲ. ಫಾರಮ್ಮುಗಳನ್ನು ಒಂದರೊಳಗೊಂದು ತೂರಿಸದೆ ಒಂದರ ಮೇಲೊಂದು ಇಟ್ಟು, ಬದಿಯಲ್ಲಿ ಪಿನ್ ಹೊಡೆಸಿ, ಹೊದಿಕೆ ಅಂಟಿಸಬೇಕು. ಪುಟಜೋಡಣೆಯನ್ನು ಮೊದಲೇ ಅದಕ್ಕೆ ತಕ್ಕಂತೆ ಮಾಡಿಸಿ, ಒಳ ಅಂಚನ್ನು ಐದಾರು ಮಿಲಿಮೀಟರ್ ಅಗಲಿಸಬೇಕು. ಇಲ್ಲದಿದ್ದರೆ ಪಿನ್ನು ಅಕ್ಷರವನ್ನು ನುಂಗುತ್ತದೆ. ಚಂದಾದಾರರಿಗೆ ಬೇಕಾದಷ್ಟಕ್ಕೆ ಮಾತ್ರ ಪಿನ್ ಹೊಡೆಸಿ, ಉಳಿದ ಫಾರಮ್ಮುಗಳನ್ನು ಮಡಿಸಿದ ಹಾಗೆಯೇ ಕಟ್ಟಿ ಇಡಿಸುತ್ತೇನೆ. ಎಂಟನೆಯದು ಬಂದ ಮೇಲೆ ಎಂಟನ್ನೂ ಸೇರಿಸಿ ಬೈಂಡ್ ಮಾಡಿಸಿದರೆ ಪ್ರತಿಗೆ ನಲವತ್ತೈದು ರೂಪಾಯಿಯಲ್ಲಿ ಗಟ್ಟಿ ಪುಸ್ತಕ. ಮೊದಲ ದಿನ ನಕ್ಕ ಬೈಂಡರ್ ಈಗ ಬೇರೆ ಲೇಖಕರಿಗೂ ಇದನ್ನೇ ಶಿಫಾರಸು ಮಾಡುತ್ತಾರೆಂದು ಕೇಳಿದ್ದೇನೆ, ನನ್ನ ಹೆಸರು ಹೇಳುವುದಿಲ್ಲ ಎಂಬುದನ್ನೂ ಕೇಳಿದ್ದೇನೆ.

ಅಕ್ಷರದ ವಿಷಯದಲ್ಲಿ ಆದ ಒಂದು ಅವಘಡವನ್ನೂ ಸೇರಿಸುತ್ತೇನೆ. ನಾನು ಬರೆಯುವುದು ಯೂನಿಕೋಡ್‌ನಲ್ಲಿ. ಪುಟವಿನ್ಯಾಸ ಮಾಡುವವರು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶಕ್ಕಾಗಿ ಅದನ್ನು ಹಳೆಯ ಫಾಂಟಿಗೆ ಬದಲಿಸಿದಾಗ ಎರಡನೆಯ ಕಂತಿನ ಅರ್ಕಾವೊತ್ತುಗಳೆಲ್ಲ ಜಾಗ ತಪ್ಪಿದವು. ನೀರಿನಡಿಯ ಜನ ಮೊದಲ ಸಲ ಸೂರ್ಯನನ್ನು ನೋಡುವ ಅಧ್ಯಾಯ ಅದು. ಹದಿನೇಳು ಕಡೆ ಸೂರ್ಯ ಕೆಟ್ಟು ಕೂತಿದ್ದ. ಆಮೇಲಿಂದ ಕೊನೆಯ ಕರಡನ್ನು ಪರದೆಯ ಮೇಲೆ ನೋಡುವುದಿಲ್ಲ, ಕಾಗದಕ್ಕೆ ಇಳಿಸಿ, ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಓದುತ್ತೇನೆ.

ನಡುವೆ ಕೆಲವು ಪ್ರಯೋಗಗಳನ್ನು ಮಾಡಿದೆ, ಎಲ್ಲವೂ ಈ ಕಸುಬಿಗೆ ಸಂಬಂಧಿಸಿದವೇ. ಅಮೆರಿಕದ ಆಲಿಸ್ ಶೆಲ್ಡನ್ ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಗಂಡು ಹೆಸರಿನಲ್ಲಿ ಸುಮಾರು ಹತ್ತು ವರ್ಷ ವಿಜ್ಞಾನ ಕಥೆ ಬರೆದು, 1977ರ ಸುಮಾರಿಗೆ ಗುಟ್ಟು ರಟ್ಟಾಗುವವರೆಗೆ ಯಾರಿಗೂ ತಿಳಿಯದಂತಿದ್ದರು. ಆ ಹೆಸರನ್ನು ಅವರು ಆರಿಸಿದ್ದು ಮಾರ್ಮಲೇಡ್ ಶೀಶೆಯ ಮೇಲಿನಿಂದ. ಅಲ್ಲಿನ ಇನ್ನೊಬ್ಬ ವಿಜ್ಞಾನ ಕಥೆಗಾರ್ತಿ ಅರ್ಸುಲಾ ಲೆ ಗ್ವಿನ್ ಅವರಿಗೂ ಗಂಡಸರ ಪತ್ರಿಕೆಯೊಂದು ಪೂರ್ತಿ ಹೆಸರು ಬೇಡ, ಇನಿಷಿಯಲ್ ಮಾತ್ರ ಹಾಕೋಣ ಎಂದಿತ್ತು. ನಾನೂ ನೋಡೋಣವೆಂದು ಒಂದೇ ಕಥೆಯನ್ನು ಸ್ವಲ್ಪ ಬದಲಿಸಿ, ನನ್ನ ಹೆಸರಿನಲ್ಲೊಮ್ಮೆ, ಉಪ್ಪಿನಕಾಯಿ ಭರಣಿಯ ಮೇಲಿದ್ದ ಗಂಡು ಹೆಸರಿನಲ್ಲೊಮ್ಮೆ, ಎರಡು ಕಡೆ ಕಳುಹಿಸಿದೆ. ನನ್ನ ಹೆಸರಿನದು ಕೌಟುಂಬಿಕ ಅಂಶ ಸೇರಿಸಿ ಎಂಬ ಸಲಹೆಯೊಂದಿಗೆ ಮರಳಿತು. ಗಂಡು ಹೆಸರಿನದು ವೈಜ್ಞಾನಿಕ ಕಲ್ಪನೆ ಪ್ರೌಢವಾಗಿದೆ ಎಂಬ ಮೂರು ಸಾಲಿನ ಹೊಗಳಿಕೆಯೊಂದಿಗೆ ಮರಳಿತು. ಎರಡೂ ಮರಳಿದ್ದರಿಂದ ಹೆಸರು ಬದಲಿಸುವ ತೊಂದರೆ ತಪ್ಪಿತು.

ಧ್ವನಿಯಲ್ಲಿ ಓದಿ ಫೋನಿಗೆ ಕಳುಹಿಸುವುದನ್ನು ಎರಡು ತಿಂಗಳು ನಡೆಸಿದೆ. ಒಬ್ಬರಿಗೆ ಕಳುಹಿಸಿದ್ದು ನೂರು ಜನಕ್ಕೆ ಹೋಯಿತು, ಹೊಗಳಿಕೆ ರಾಶಿ ಬಂತು, ಹೊಸ ಚಂದಾ ನಾಲ್ಕೋ ಐದೋ ಬಂತು; ನಿಲ್ಲಿಸಿದೆ. ಅಡಿಕೆ ಹಾಳೆಯ ಹೊದಿಕೆ ಹಾಕಿ ಇಪ್ಪತ್ತೈದು ವಿಶೇಷ ಪ್ರತಿ ಮಾಡಿದ್ದು ಇನ್ನೊಂದು. ಬೇಸಿಗೆಯಲ್ಲಿ ನೋಡಿದವರೆಲ್ಲ ಕಣ್ಣರಳಿಸಿದರು, ಪ್ರತಿಗೆ ಒಂದು ಸಾವಿರದಂತೆ ಒಂಬತ್ತು ಮಾರಾಟವೂ ಆದವು. ಜುಲೈ ಹೊತ್ತಿಗೆ ಉಳಿದ ಹದಿನಾರಕ್ಕೂ ಹಸಿರು ಬೂಸ್ಟು ಹಿಡಿದು, ಒಂದರ ಮೇಲೆ ನಾಯಿಕೊಡೆಯೇ ಎದ್ದಿತ್ತು. ಬೇವಿನ ಕಷಾಯದಲ್ಲಿ ಅದ್ದಿ ನೋಡಿದೆ, ಒಣಗಿಸಿದಾಗ ಹಾಳೆ ಸುರುಳಿಯಾಯಿತು. ಬಯಲುಸೀಮೆಯವರು ಮಾಡಿದರೆ ನಡೆದೀತು.

ಎರಡನೆಯ ಸುತ್ತು 2019ರಲ್ಲಿ, ಇನ್ನೂರ ಹನ್ನೆರಡು ಜನ, ಚಂದಾ ಆರುನೂರು. ಐದನೆಯ ಕಂತು ಅಚ್ಚಾಗಿ ಬಂದ ವಾರ, 2020ರ ಮಾರ್ಚಿನಲ್ಲಿ, ಕೊರೊನಾ ಲಾಕ್‌ಡೌನ್ ಆಯಿತು. ಕಥಾನಾಯಕಿ ಹೊರಬಾಗಿಲು ತೆರೆದುಕೊಂಡ ಜಗಲಿಯಲ್ಲಿ ಸಿಕ್ಕಿಬಿದ್ದ ಸ್ಥಿತಿಯಲ್ಲಿ ನಾಲ್ಕನೆಯ ಕಂತು ಮುಗಿದಿತ್ತು. ಓದುಗರು ಮನೆಯೊಳಗೆ, ಅವಳು ಜಗಲಿಯೊಳಗೆ ಎರಡೂವರೆ ತಿಂಗಳು ಕಾದರು. ಚಂದಾ ವಾಪಸು ಕೇಳಿದವರು ಇಬ್ಬರು. ಅವಳು ಬದುಕಿದ್ದಾಳೋ ಇಲ್ಲವೋ ಅಷ್ಟು ಹೇಳಿ ಎಂದು ಫೋನು ಮಾಡಿದವರು ಮೂವತ್ತಕ್ಕೂ ಹೆಚ್ಚು. ಕಂತನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನನ್ನದೊಂದು ಅಳತೆಯಿದೆ, ಅದನ್ನು ಬರೆದಿಟ್ಟರೆ ಮುಂದಿನ ಸುತ್ತಿನಲ್ಲಿ ನನ್ನ ಓದುಗರೇ ಹಿಡಿದುಬಿಡುತ್ತಾರೆ.

ಮೂರನೆಯ ಸುತ್ತಿನ ಲೆಕ್ಕ ಹೀಗಿತ್ತು. ಮುನ್ನೂರ ಎಂಬತ್ತೆಂಟು ಚಂದಾದಾರರು, ತಲಾ ಏಳುನೂರ ಐವತ್ತು, ಒಟ್ಟು ಎರಡು ಲಕ್ಷದ ತೊಂಬತ್ತೊಂದು ಸಾವಿರ. ಆರುನೂರು ಪ್ರತಿಯ ಅಚ್ಚಿಗೆ ಒಂದು ಲಕ್ಷದ ಹದಿನೈದು ಸಾವಿರ, ಅಂಚೆಗೆ ಮೂವತ್ನಾಲ್ಕು, ಚಿತ್ರಕ್ಕೆ ಹದಿನಾರು, ಪುಟವಿನ್ಯಾಸ ಮತ್ತು ಕರಡಿಗೆ ಇಪ್ಪತ್ತು ಸಾವಿರ ಹೋಗಿ ಒಂದು ಲಕ್ಷದ ಆರು ಸಾವಿರ ಉಳಿಯಿತು. ಉಳಿದ ಫಾರಮ್ಮುಗಳಿಂದ ಕಟ್ಟಿದ ಗಟ್ಟಿ ಪ್ರತಿಗಳು ಆಮೇಲೆ ಐವತ್ತು ಸಾವಿರದಷ್ಟನ್ನು ತಂದವು. ಅಂಚೆಯ ದರ, ನಿಯಮ ಎರಡೂ ಈಚೆಗೆ ಬದಲಾಗಿರುವುದರಿಂದ ಹೊಸದಾಗಿ ಆರಂಭಿಸುವವರು ನನ್ನ ಅಂಕಿ ನಂಬದೆ, ಖಾಲಿ ಹಾಳೆಯ ಮಾದರಿ ಕಂತೊಂದನ್ನು ಕಟ್ಟಿಸಿ ಅಂಚೆ ಕಚೇರಿಯಲ್ಲೇ ತೂಗಿಸಿ ಕೇಳಬೇಕು.

ಎರಡು ವರ್ಷದ ದುಡಿಮೆಗೆ ಒಂದೂವರೆ ಲಕ್ಷ ಎಂದರೆ ತಿಂಗಳಿಗೆ ಆರು ಸಾವಿರದ ಚಿಲ್ಲರೆ, ತೋಟದ ಆಳಿನ ಕೂಲಿ ಇದಕ್ಕಿಂತ ಹೆಚ್ಚು ಎಂದು ಭಾವನವರು ಈಗಲೂ ಹೇಳುತ್ತಾರೆ. ನಾನು ಅಮೆರಿಕದ ವಿಜ್ಞಾನ ಕಾದಂಬರಿಕಾರ್ತಿ ಆಕ್ಟೇವಿಯಾ ಬಟ್ಲರ್ ಅವರ ಕಥೆ ಹೇಳುತ್ತೇನೆ. ಪಾತ್ರೆ ತೊಳೆದು, ಫೋನಿನಲ್ಲಿ ಸರಕು ಮಾರಿ, ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ತಪಾಸಣೆ ಮಾಡಿ, ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಬರೆದವರು ಅವರು. 1976ರಲ್ಲಿ ಮೊದಲ ಕಾದಂಬರಿ ಬಂದ ಹತ್ತೊಂಬತ್ತು ವರ್ಷಕ್ಕೆ, 1995ರಲ್ಲಿ, ಅವರಿಗೆ ದೊಡ್ಡ ಮೊತ್ತದ ಮೆಕಾರ್ಥರ್ ಫೆಲೋಶಿಪ್ ಬಂತು. ನನಗೆ ಎರಡು ಗಂಟೆಗೆ ಏಳಲು ಆಗಲಿಲ್ಲ. ಮೂರು ವಾರ ಪ್ರಯತ್ನಿಸಿ, ಹಾಲು ಉಕ್ಕಿಸಿ, ಬೈಸಿಕೊಂಡು ಬಿಟ್ಟೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಒರಗಿದ ಮೇಲಿನ ಒಂದೂವರೆ ಗಂಟೆಯೇ ನನ್ನ ಹೊತ್ತು; ದಿನಕ್ಕೆ ಎರಡು ಪುಟ, ತಿಂಗಳಿಗೊಂದು ಕಂತು ಅದರಲ್ಲೇ ಹೊರಡುತ್ತದೆ.

ಹೆಂಗಸರಿಗೂ ವಿಜ್ಞಾನ ಕಥೆಗೂ ಏನು ಸಂಬಂಧ ಎಂದು ಸಭೆಗಳಲ್ಲಿ ಕೇಳುವವರಿಗೆ ಮೊದಲು ಉದ್ದುದ್ದ ಉತ್ತರ ಕೊಡುತ್ತಿದ್ದೆ. ಬಂಗಾಳದ ರೊಕೆಯಾ ಬೇಗಂ 1905ರಲ್ಲೇ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ, ಹೆಂಗಸರು ಬಿಸಿಲಿನ ಶಾಖವನ್ನು ಹಿಡಿದು ಬಳಸುವ, ಗಾಳಿಯಲ್ಲಿ ಹಾರುವ ಬಂಡಿ ಓಡಿಸುವ, ಗಂಡಸರು ಮನೆಯೊಳಗಿರುವ ನಾಡಿನ ಕಥೆ ಬರೆದಿದ್ದರು ಎಂದಷ್ಟೇ ಈಗ ಹೇಳಿ, ಚಂದಾ ರಸೀದಿ ಪುಸ್ತಕ ಮುಂದಿಡುತ್ತೇನೆ.

ನಾಲ್ಕನೆಯ ಸುತ್ತಿನ ಮೊದಲ ಕಂತಿನ ಕರಡು ಈಗ ನನ್ನ ಮುಂದಿದೆ. ಅತ್ತಿಗೆಗೆ ಓದಿ ಹೇಳಿ ಆಗಿದೆ. ಎರಡು ಕಡೆ ಅಡಿಕೆ ಕತ್ತರಿ ನಿಂತಿತು, ಆ ಎರಡು ಮಾತುಗಳನ್ನು ಹೊಡೆದುಹಾಕಿದ್ದೇನೆ. ಈ ಸಲ ಚಂದಾ ಎಂಟುನೂರು, ಕಂತು ಎಂಟೇ.